ಚಿಕ್ಕ ಕಾರ್ಡಿನ ರಜೆ

ನನ್ನ ಗಂಡ ಊರಿನಿಂದ ಕಾಣೆಯಾದದ್ದು ಒಂದು ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ. ಇಷ್ಟು ಕರಾರುವಾಕ್ಕಾಗಿ ಹೇಳಬಲ್ಲೆ, ಏಕೆಂದರೆ ಹತ್ತು ಗಂಟೆ ಹನ್ನೊಂದು ನಿಮಿಷಕ್ಕೆ ನಾನು ಅವರ ಅಂಗಡಿಯ ಮುಂದೆ ನಿಂತು, ಇಡೀ ಹಗೇವು ಬೀದಿಗೆ ಕೇಳುವಂತೆ, "ನಿಮ್ಮನ್ನ ನೋಡಿ ನೋಡಿ ಸಾಕಾಗಿದೆ, ಒಂದಿಷ್ಟು ಹೊತ್ತು ಕಣ್ಣೆದುರಿಂದ ಹೋಗಿ" ಎಂದಿದ್ದೆ.

ಜಗಳದ ಕಾರಣ ದೊಡ್ಡದಲ್ಲ. ನಾನು ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಲ್ಯಾಪ್‌ಟಾಪು ರಿಪೇರಿ ಮಾಡುವವಳು. ನಮ್ಮವರು, ಗುರುಪಾದಪ್ಪ, ದರ್ಜಿ. ನನ್ನ ಸಾಲ್ಡರಿಂಗ್ ಕಡ್ಡಿಯನ್ನು ಹೇಳದೆ ಕೇಳದೆ ಒಯ್ದು, ನೈಲಾನ್ ರಿಬ್ಬನ್ನಿನ ತುದಿ ಎಳೆ ಬಿಚ್ಚದಂತೆ ಕರಗಿಸಲು ಬಳಸುವುದು ಅವರ ಚಾಳಿ. ಕಡ್ಡಿಯ ಮೂತಿಗೆ ನೈಲಾನು ಮೆತ್ತಿಕೊಂಡರೆ ಬೆಸುಗೆ ಹತ್ತುವುದಿಲ್ಲ. ಇಪ್ಪತ್ತಾರು ವರ್ಷದಿಂದ ಹೇಳುತ್ತ ಬಂದದ್ದನ್ನು ಅಂದೂ ಹೇಳಿ, ಸಿಟ್ಟಿನಲ್ಲಿ ನೋಡದೆಯೇ ಕಡ್ಡಿ ಕಿತ್ತುಕೊಂಡು, ಎದುರಿಗಿರುವ ನನ್ನ ಅಂಗಡಿಯ ಮೆಟ್ಟಿಲು ಹತ್ತಿ, ಇನ್ನೂ ಒಂದು ಮಾತು ಉಳಿದಿದೆಯೆನಿಸಿ ಹಿಂದಿರುಗಿ ನೋಡಿದರೆ ಅಲ್ಲಿ ಅಂಗಡಿಯಿರಲಿಲ್ಲ. ಅದಿದ್ದ ಜಾಗದಲ್ಲಿ ನೆಲದಿಂದ ಸೂರಿನವರೆಗೆ, ಅಡಿಪಟ್ಟಿ ಹಿಡಿದು ಗೆರೆ ಎಳೆದಂಥ ನೇರ ಅಂಚಿನ ಕಪ್ಪು ಚೌಕವೊಂದು ನಿಂತಿತ್ತು. ಒಳಗಿನಿಂದ ಹೊಲಿಗೆ ಯಂತ್ರ ತುಳಿಯುವ ಸದ್ದು ಬರುತ್ತಿತ್ತು.

ನಮ್ಮ ಊರಿಗೆ ನಕಾಶೆಯಿಲ್ಲ, ಪುಟವಿದೆ. ಪುಟದ ಕಚೇರಿಯಲ್ಲಿ ಬೀಟೆ ಮರದ ಮೇಜು, ಮೇಜಿನ ಮೇಲೆ ಲ್ಯಾಪ್‌ಟಾಪು, ಲ್ಯಾಪ್‌ಟಾಪಿನಲ್ಲಿ ಬ್ರೌಸರು, ಬ್ರೌಸರಿನಲ್ಲಿ ನಾವು. ಬೆಳಿಗ್ಗೆ ಆರಕ್ಕೆ ಪುಟಪಾಲಕ ಪಂಚಾಕ್ಷರಯ್ಯನವರು ಮುಚ್ಚಳ ಎತ್ತಿದರೆ ಬೆಳಗು, ಸಂಜೆ ಐದಕ್ಕೆ ಇಳಿಸಿದರೆ ಮುಸ್ಸಂಜೆ. ಮುಚ್ಚಳ ಇಳಿಯುವ ಹೊತ್ತಿಗೆ ಪುಟದಲ್ಲಿ ಕಾಣದೆ ಹೋದದ್ದು ಮರುದಿನ ಊರಿನಲ್ಲಿ ಇರುವುದಿಲ್ಲ. ಮೂರು ವರ್ಷದ ಹಿಂದೆ ಹಳೆಯ ಛತ್ರದ ಮೇಲೆ ಇಂಥದೇ ಕಪ್ಪು ಬಿದ್ದು ಐದರೊಳಗೆ ಹೋಗಲಿಲ್ಲ. ಬೆಳಗಾದಾಗ ಅಲ್ಲಿ ಸಮತಟ್ಟು ನೆಲವಿತ್ತು. ಛತ್ರವೂ ಇರಲಿಲ್ಲ, ಅಲ್ಲಿನ ಅಡುಗೆಯವನೂ ಇರಲಿಲ್ಲ. ಒಂದು ವಾರ ಜನ ಅತ್ತರು. ಎಂಟನೆಯ ದಿನ ಯಾರೋ ಆ ನೆಲದಲ್ಲಿ ಹಪ್ಪಳ ಒಣಗಿಸಿದರು. ಅಲ್ಲಿ ಒಣಗಿದಷ್ಟು ಗರಿಗರಿಯಾಗಿ ಹಪ್ಪಳ ಊರಿನಲ್ಲಿ ಬೇರೆಲ್ಲಿಯೂ ಒಣಗುವುದಿಲ್ಲವೆಂದು ಈಗ ಎಲ್ಲರೂ ಒಪ್ಪುತ್ತಾರೆ.

ನಾನು ಬೀದಿ ದಾಟಿ ಕಪ್ಪಿನ ಅಂಚಿಗೆ ಹೋದೆ. "ರೀ, ಕೇಳಿಸ್ತಿದೆಯಾ?"

"ಕೇಳಿಸ್ತಿದೆ ಕಣೇ. ಕರೆಂಟು ಹೋಯ್ತಾ?"

"ಹೋಗಿಲ್ಲ. ಹೊರಗೆ ಬನ್ನಿ."

"ಅದನ್ನೇ ನೋಡ್ತಿದೀನಿ. ನಿನ್ನ ದನಿ ಹಿಡ್ಕೊಂಡು ನೆಟ್ಟಗೆ ನಡೀತೀನಿ, ಹತ್ತು ಹೆಜ್ಜೆ ಆಗೋಷ್ಟರಲ್ಲಿ ಮತ್ತೆ ಮಿಷನ್ನೇ ಮೊಣಕಾಲಿಗೆ ಬಡಿಯುತ್ತೆ. ಮೂರು ಸಲ ಆಯ್ತು."

ಛತ್ರದ ಅಡುಗೆಯವನೂ ಹೀಗೆಯೇ ಹೇಳಿದ್ದ. ಹೊರಗಿನವರು ಒಳಹೋಗಬಹುದು, ಒಳಗಿನವರು ಹೊರಬರಲಾರರು.

ಅಂಗಡಿಯ ಮಗ್ಗುಲಲ್ಲಿ ಹೂವು ಕಟ್ಟುವ ದುರ್ಗಮ್ಮ ಕುಳಿತಿದ್ದಳು. ಕಪ್ಪಿನ ಅಂಚು ಅವಳ ಬುಟ್ಟಿಯಿಂದ ಒಂದು ಗೇಣು ದೂರದಲ್ಲಿತ್ತು. "ನೀನೇ ತಾನೆ ಚಂಪಕ್ಕ ಹೋಗಿ ಅಂದಿದ್ದು" ಎಂದಳು, ಕೈಯಲ್ಲಿನ ದಾರ ಬಿಡದೆ. "ನಾನು ಮೂವತ್ತು ವರ್ಷದಿಂದ ನನ್ ಗಂಡನಿಗೆ ಹೇಳ್ತಿದೀನಿ. ಒಂದಿನವೂ ಹೋಗಲಿಲ್ಲ."

ಪುಟದ ಕಚೇರಿಗೆ ನಾನು ಓಡಿದಾಗ ಹತ್ತೂವರೆ. ಪಂಚಾಕ್ಷರಯ್ಯನವರು ಸ್ಕ್ರೀನಿನ ಮೇಲೆ ಕೈವಸ್ತ್ರ ಆಡಿಸುತ್ತಿದ್ದರು. ಕಪ್ಪು ಒರೆಸಿದರೆ ಹೋಗಬಹುದೆಂಬ ಆಸೆ. ಹೋಗಿರಲಿಲ್ಲ.

"ಸಾರ್, ನಾನೊಮ್ಮೆ ನೋಡ್ತೀನಿ, ಬಿಡಿ."

"ನೋಡಬಹುದಮ್ಮ. ಮುಟ್ಟೋಕೆ ಅರ್ಜಿ ಬೇಕು."

"ನಮ್ಮನೆಯವರು ಒಳಗಿದಾರೆ."

"ಅದಕ್ಕೇ ಅರ್ಜಿ. ಯಾರೂ ಒಳಗಿಲ್ಲದಿದ್ರೆ ನೀವು ಯಾಕೆ ಬರ್ತಿದ್ರಿ?"

ಅರ್ಜಿ ಬರೆದೆ. ‘ವಿಷಯ’ದ ಎದುರು ‘ಗಂಡ’ ಎಂದು ಬರೆದದ್ದು ಸಾಲದೆಂದು ತಿದ್ದಿಸಿದರು. ಕೊನೆಗೆ ಮೊಹರು ಒತ್ತುವ ಹೊತ್ತಿಗೆ ಅವರ ಊಟದ ಸಮಯವಾಗಿತ್ತು. ಅವರು ಮೊಸರನ್ನದ ಡಬ್ಬಿ ತೊಳೆದು, ಬೋರಲು ಹಾಕಿ, ಕೈಯೊರೆಸಿಕೊಂಡು, ಎರಡೂವರೆಗೆ ಸರಿಯಾಗಿ ಕುರ್ಚಿಯನ್ನು ನನಗೆ ಬಿಟ್ಟುಕೊಟ್ಟರು. ನನಗೆ ಉಳಿದದ್ದು ಎರಡೂವರೆ ಗಂಟೆ.

ಮೊದಲು ಪುಟವನ್ನು ಒಮ್ಮೆ ರಿಫ್ರೆಶ್ ಮಾಡಿದೆ. ಕಿಟಕಿಯಾಚೆ ಊರು ಒಂದು ಸಲ ಝಗ್ಗನೆ ಅದುರಿತು. ಬೀದಿಯಲ್ಲಿ ನಡೆಯುತ್ತಿದ್ದವರೆಲ್ಲ ಎರಡು ಹೆಜ್ಜೆ ಹಿಂದೆ ನಿಂತಿದ್ದರು. ಗೊಣಗುತ್ತ ಆ ಎರಡು ಹೆಜ್ಜೆಯನ್ನು ಮತ್ತೆ ನಡೆದರು. ಸ್ಕ್ರೀನಿನಲ್ಲಿ ಕಪ್ಪು ಒಂದು ಬೆರಳಗಲ ಹಿಗ್ಗಿತ್ತು. ಹಗೇವು ಬೀದಿಯಿಂದ ದುರ್ಗಮ್ಮನ ಕೂಗು ಕೇಳಿತು: "ಯಾರೋ ಅದು, ನನ್ ಅರ್ಧ ಬುಟ್ಟಿ ಕನಕಾಂಬರ ಹೋಯ್ತು."

ಪುಟದ ಗಾತ್ರವನ್ನು ತಗ್ಗಿಸಿ ನೋಡಿದೆ. ಪಂಚಾಕ್ಷರಯ್ಯನವರು ಮೇಜಿನ ಅಂಚಿಗಿಂತ ಕೆಳಗಿಳಿದು, ನಲ್ಲಿಯಿಂದ ತೊಟ್ಟಿಕ್ಕುವಂಥ ಸಣ್ಣ ದನಿಯಲ್ಲಿ, "ಇದು ಅರ್ಜಿಯಲ್ಲಿ ಇರಲಿಲ್ಲ" ಎಂದರು. ನನ್ನ ಕೈಯೂ ಮೌಸಿಗಿಂತ ಕಿರಿದಾಗಿತ್ತು. ಎರಡೂ ಅಂಗೈ ಊರಿ ಒತ್ತಿ ಗಾತ್ರವನ್ನು ನೂರಕ್ಕೆ ತರುವಷ್ಟರಲ್ಲಿ ಬೆವರಿಳಿಯಿತು. ಕಪ್ಪು ನಮ್ಮೊಂದಿಗೆ ಕುಗ್ಗಿತ್ತು, ನಮ್ಮೊಂದಿಗೇ ಬೆಳೆಯಿತು.

ಬ್ರೌಸರಿನಲ್ಲಿ ಕಪ್ಪು ಚೌಕ ಬಿದ್ದರೆ ನಮ್ಮ ಕಸುಬಿನವರಿಗೆ ಮೊದಲು ಅನುಮಾನ ಬರುವುದು ಗ್ರಾಫಿಕ್ಸ್ ಕಾರ್ಡಿನ ಮೇಲೆ. ಯಂತ್ರದ ವಿವರ ತೆರೆದು ನೋಡಿದೆ. ಎರಡು ಕಾರ್ಡುಗಳಿದ್ದವು. ಇಂಥ ಲ್ಯಾಪ್‌ಟಾಪುಗಳ ಸಂಸಾರ ನನಗೆ ಗೊತ್ತು: ದೊಡ್ಡ ಕಾರ್ಡು ಭಾರದ ಚಿತ್ರಗಳನ್ನು ಬರೆಯುತ್ತದೆ, ಚಿಕ್ಕದು ಹಗುರವಾದವನ್ನು. ಆದರೆ ದೊಡ್ಡದು ಎಷ್ಟೇ ಚೆನ್ನಾಗಿ ಬರೆದರೂ ಅದನ್ನು ಹೊತ್ತು ತಂದು ಸ್ಕ್ರೀನಿನ ಮೇಲೆ ಹಾಸುವುದು ಚಿಕ್ಕದೇ. ಅಂಥ ಚಿಕ್ಕ ಕಾರ್ಡಿನ ಮುಂದೆ ‘ನಿಷ್ಕ್ರಿಯ’ ಎಂದಿತ್ತು.

"ಇದನ್ನ ಯಾರು ಆಫ್ ಮಾಡಿದ್ದು ಸಾರ್?"

ಪಂಚಾಕ್ಷರಯ್ಯನವರು ಬೆನ್ನು ನೆಟ್ಟಗೆ ಮಾಡಿ ಕುಳಿತರು. "ಆಫ್ ಯಾರೂ ಮಾಡಿಲ್ಲ. ರಜೆ ಕೊಟ್ಟಿದೀನಿ."

"ಏನು?"

ಅವರು ಬೀರುವಿನಿಂದ ಹಾಜರಿ ಪುಸ್ತಕ ತೆಗೆದು ನನ್ನ ಮುಂದಿಟ್ಟರು. ಕಚೇರಿಯ ಸಿಬ್ಬಂದಿಯ ಪಟ್ಟಿಯಲ್ಲಿ ಮೊದಲ ಹೆಸರು ಅವರದು. ಎರಡನೆಯದು ‘ದೊಡ್ಡ ಕಾರ್ಡು’. ಮೂರನೆಯದು ‘ಚಿಕ್ಕ ಕಾರ್ಡು’. ಒಂದು ವಾರದಿಂದ ಪ್ರತಿದಿನ ಮೂವರಿಗೂ ಹಾಜರಿ ಬಿದ್ದಿತ್ತು. "ಹೋದ ವಾರ ತಪಾಸಣೆಗೆ ಬಂದೋರು ಹೇಳಿದ್ರು, ಒಳಗೆ ಎರಡು ಕಾರ್ಡು ಕೆಲಸ ಮಾಡ್ತಿವೆ ಅಂತ. ಹನ್ನೊಂದು ವರ್ಷದಿಂದ ಒಂದು ದಿನವೂ ರಜೆಯಿಲ್ಲದೆ ದುಡಿಸಿದೀನಿ ಅಂತ ಗೊತ್ತಾದಾಗ ನನಗೆ ಊಟ ಸೇರಲಿಲ್ಲಮ್ಮ. ನಿಯಮದ ಪ್ರಕಾರ ಇಬ್ಬರಿಗೂ ವಾರಕ್ಕೊಂದು ದಿನ. ದೊಡ್ಡದಕ್ಕೆ ಶುಕ್ರವಾರ, ಚಿಕ್ಕದಕ್ಕೆ ಮಂಗಳವಾರ. ಇವತ್ತು ಹತ್ತೂ ಹನ್ನೆರಡಕ್ಕೆ ಮೊದಲ ರಜೆ ಮಂಜೂರು ಮಾಡ್ದೆ."

ನನಗೆ ನಗಬೇಕೋ ಅವರ ಜುಬ್ಬ ಹಿಡಿದು ಜಗ್ಗಬೇಕೋ ತಿಳಿಯಲಿಲ್ಲ. "ಮತ್ತೆ ಛತ್ರ ಹೋದಾಗ?"

"ಅವತ್ತು ಮುಚ್ಚಳ ಎತ್ತಿಟ್ಟು ಸಂಜೆವರೆಗೆ ನಾನೇ ರಜೆಯಲ್ಲಿದ್ದೆ" ಎಂದರು ತಗ್ಗಿದ ದನಿಯಲ್ಲಿ. "ನೋಡ್ಕೊಳ್ಳೋರು ಯಾರೂ ಇರಲಿಲ್ಲ."

"ರಜೆ ರದ್ದು ಮಾಡಿ ಸಾರ್."

"ಮಂಜೂರಾದ ರಜೆ ರದ್ದು ಮಾಡೋಕೆ ರಜೆ ಹಾಕಿದವರ ಒಪ್ಪಿಗೆ ಬೇಕಲ್ಲಮ್ಮ."

ಗೋಡೆಯ ಗಡಿಯಾರ ಮೂರೂ ಐವತ್ತು ತೋರಿಸುತ್ತಿತ್ತು. ನಾನು ಪುಸ್ತಕವನ್ನು ಎಳೆದುಕೊಂಡು, ಚಿಕ್ಕ ಕಾರ್ಡಿನ ಹೆಸರಿನ ಮುಂದೆ ನನ್ನ ಹೆಬ್ಬೆರಳಿಗೆ ಮಸಿ ಹಚ್ಚಿ ಒತ್ತಿದೆ. "ಅದಕ್ಕೆ ಬರೆಯೋಕೆ ಬರಲ್ಲ. ನಾನು ಸಾಕ್ಷಿ" ಎಂದೆ. ಅವರು ಹೆಬ್ಬೆಟ್ಟನ್ನು ಕನ್ನಡಕದೊಳಗಿನಿಂದ ಬಹಳ ಹೊತ್ತು ನೋಡಿ, ಕ್ರಮಬದ್ಧವಾಗಿದೆಯೆಂದು ತಲೆಯಾಡಿಸಿದರು.

ಚಿಕ್ಕ ಕಾರ್ಡನ್ನು ಮತ್ತೆ ಚಾಲೂ ಮಾಡಿದೆ. ಊರಿನ ಬಣ್ಣಗಳು ಒಮ್ಮೆಲೇ ತೊಳೆದಂತಾದವು. ಬೆಳಗಿನಿಂದ ಎಲ್ಲವೂ ಮಸುಕಾಗಿತ್ತೆಂಬುದು ನಮಗೆ ಗೊತ್ತಾದದ್ದೇ ಆಗ. ಕಪ್ಪು ಮಾತ್ರ ಕದಲಲಿಲ್ಲ. ಬ್ರೌಸರು ಇನ್ನೂ ದೊಡ್ಡ ಕಾರ್ಡಿಗೇ ಜೋತುಬಿದ್ದಿತ್ತು. ಸೆಟ್ಟಿಂಗ್ಸಿಗೆ ಹೋಗಿ, ಬ್ರೌಸರನ್ನು ಇನ್ನು ಮುಂದೆ ಚಿಕ್ಕ ಕಾರ್ಡೇ ನೋಡಿಕೊಳ್ಳಲಿ ಎಂದು ಗುರುತು ಹಾಕಿದೆ. ಕೆಳಗೆ ಒಂದು ಸಾಲು ಮೂಡಿತು: ಬದಲಾವಣೆ ಜಾರಿಗೆ ಬರಲು ಬ್ರೌಸರನ್ನು ಮುಚ್ಚಿ ತೆರೆಯಿರಿ.

ನಾವಿಬ್ಬರೂ ಆ ಸಾಲನ್ನು ಎರಡೆರಡು ಸಲ ಓದಿದೆವು.

ಸಂಜೆ ಮುಚ್ಚಳ ಇಳಿದರೂ ಬ್ರೌಸರು ಒಳಗೆ ತೆರೆದೇ ಇರುತ್ತದೆ. ಅದನ್ನು ಈವರೆಗೆ ಯಾರೂ ಮುಚ್ಚಿರಲಿಲ್ಲ. ಮುಚ್ಚುವುದು ಒಂದು ಗುಂಡಿಯ ಕೆಲಸ. ಆದರೆ ಮುಚ್ಚಿದ ಮೇಲೆ ಊರೂ ಇಲ್ಲ, ಕಚೇರಿಯೂ ಇಲ್ಲ, ಕುರ್ಚಿಯಲ್ಲಿ ಕುಳಿತ ನಾನೂ ಇಲ್ಲ. ಮತ್ತೆ ತೆರೆಯುವ ಬೆರಳು ಯಾರದು?

"ಆಯ್ತಲ್ಲಮ್ಮ" ಎಂದರು ಪಂಚಾಕ್ಷರಯ್ಯನವರು. ಅವರ ದನಿಯಲ್ಲಿ ಮರುಕವಿತ್ತು. ಅದಕ್ಕೇ ನನಗೆ ಭಯವಾಯಿತು. "ಒಬ್ಬರಿಗೋಸ್ಕರ ಊರನ್ನ ಮುಚ್ಚೋಕೆ ಆಗಲ್ಲ. ಹೋಗಿ ಅವರ ಹತ್ರ ಮಾತಾಡಿ ಬನ್ನಿ. ಇನ್ನೂ ಮುಕ್ಕಾಲು ಗಂಟೆ ಇದೆ."

ನಾನು ಸ್ಕ್ರೀನನ್ನೇ ನೋಡುತ್ತಿದ್ದೆ. ಪುಟದಲ್ಲಿ ಕೆರೆ, ಸಂತೆಮಾಳ, ಕಚೇರಿ, ಕಚೇರಿಯಲ್ಲಿ ನನ್ನ ತುರುಬು, ಎಲ್ಲವೂ ಕಾಣುತ್ತಿದ್ದವು. ಹಗೇವು ಬೀದಿಯ ಆ ಚೌಕವೊಂದೇ ಕಾಣುತ್ತಿರಲಿಲ್ಲ. ಬೆಳಗಿನಿಂದ ಕಾಣದೆಯೂ ಅದರೊಳಗೆ ಹೊಲಿಗೆ ಯಂತ್ರ ನಡೆಯುತ್ತಿತ್ತು. ಪುಟದಲ್ಲಿ ಕಾಣದ್ದನ್ನು ಪುಟ ಮುಚ್ಚಿ ಅಳಿಸುವುದು ಹೇಗೆ?

"ಸಾರ್, ಲ್ಯಾಪ್‌ಟಾಪು ಎತ್ಕೊಳ್ತೀನಿ. ಕಪ್ಪಿನೊಳಗೆ ಕೂತು ಮುಚ್ಚಿ ತೆರೀತೀನಿ."

"ತೆರೆಯದಿದ್ರೆ?"

"ತೆರೆಯದಿದ್ರೆ ನನ್ನ ಮೇಲೆ ಕ್ರಮ ತಗೊಳ್ಳೋಕೆ ನೀವೂ ಇರಲ್ಲ."

ಈ ತರ್ಕದಲ್ಲಿ ಅವರಿಗೆ ನಿಯಮಬಾಹಿರವಾದದ್ದೇನೂ ಕಾಣಲಿಲ್ಲ. ಚಲನವಲನ ಪುಸ್ತಕದಲ್ಲಿ ‘ಲ್ಯಾಪ್‌ಟಾಪು, ಒಂದು, ಹೊರಗೆ’ ಎಂದು ಬರೆದು, ಚಾರ್ಜರಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತರು. ಬ್ಯಾಟರಿಗೆ ಬಿದ್ದೊಡನೆ ಸ್ಕ್ರೀನು ಮಬ್ಬಾಯಿತು. ಅದರೊಂದಿಗೆ ಆಕಾಶವೂ ಮಬ್ಬಾಯಿತು. ಊರಿನ ಕೋಳಿಗಳು ಗೂಡು ಸೇರಿದವು. ನಾನು ತುಂಬಿದ ಕೊಡ ಹೊತ್ತವಳಂತೆ ನಡೆದೆ. ಹಿಂದಿನಿಂದ ಪಂಚಾಕ್ಷರಯ್ಯನವರು ಚಾರ್ಜರಿನ ತಂತಿಯನ್ನು ವಧುವಿನ ಸೆರಗು ಹಿಡಿದಂತೆ ಎರಡು ಕೈಯಲ್ಲಿ ಹಿಡಿದು ಬಂದರು. ಜನ ಬದಿಗೆ ಸರಿದು ನಿಂತು, ತಾವಿರುವ ಪುಟ ತಮ್ಮೆದುರಿಗೇ ಹೋಗುವುದನ್ನು ಬಗ್ಗಿ ಬಗ್ಗಿ ನೋಡಿದರು. "ನಾನು ಇಷ್ಟು ದಪ್ಪ ಕಾಣ್ತೀನಾ" ಎಂದು ಯಾರೋ ಕೇಳಿದರು.

ಕಪ್ಪಿನ ಮುಂದೆ ಬಂದಾಗ ಹಳದಿ ಬಣ್ಣದಲ್ಲಿ ಬ್ಯಾಟರಿ ಶೇಕಡಾ ಆರು ಎಂದು ತೋರಿಸುತ್ತಿತ್ತು. "ನೀವು ಬರ್ತೀರಾ ಸಾರ್?"

"ಕಪ್ಪಿನೊಳಗೆ ನನಗೆ ಅಧಿಕಾರ ಇಲ್ಲಮ್ಮ" ಎಂದು ಅವರು ಒಂದು ಹೆಜ್ಜೆ ಹಿಂದಿಟ್ಟರು. ಆ ಹೆಜ್ಜೆ ಚಾರ್ಜರಿನ ತಂತಿಯ ಮೇಲೆ ಬಿತ್ತು. ನಾನು ಮುಂದಕ್ಕೆ ಕಾಲಿಟ್ಟಿದ್ದೆ. ಏನೋ ಟಕ್ಕೆಂದದ್ದು ಕೇಳಿಸಿತು, ಆದರೆ ನೋಡಲು ಆಗಲೇ ಬೆಳಕಿರಲಿಲ್ಲ. ಬೆನ್ನ ಹಿಂದೆ ದುರ್ಗಮ್ಮ ಯಾರಿಗೋ ಹೂವಳೆಯುತ್ತ, "ಒಂದು ಮೊಳ, ಎರಡು..." ಎನ್ನುತ್ತಿದ್ದಳು.

ಒಳಗೆ ಲ್ಯಾಪ್‌ಟಾಪಿನ ಬೆಳಕು ಒಂದು ಮೊಳದಷ್ಟು ಜಾಗವನ್ನು ಮಾತ್ರ ಬೆಳಗುತ್ತಿತ್ತು. ಅದರಲ್ಲಿ ಮೊದಲು ಹೊಲಿಗೆ ಯಂತ್ರದ ಚಕ್ರ ಕಂಡಿತು, ಬಳಿಕ ಕೊರಳಲ್ಲಿ ನೇತಾಡುವ ಅಳತೆಪಟ್ಟಿ, ಬಳಿಕ ನಮ್ಮವರ ಗಡ್ಡ. ಅವರು ನನ್ನನ್ನು ಕಂಡು ಸಂತೋಷಪಡಲಿಲ್ಲ.

"ನೀನ್ಯಾಕೆ ಬಂದೆ? ಹೊರಗೆ ಹೋಗೋಕಾಗಲ್ಲ ಅಂತ ಹೇಳ್ದೆನಲ್ಲ."

"ಮಾತಾಡಬೇಡಿ. ಗಂಟೆ ಎಷ್ಟು?"

ಅವರ ಗೋಡೆ ಗಡಿಯಾರದತ್ತ ಸ್ಕ್ರೀನನ್ನು ತಿರುಗಿಸಿದೆ. ನಾಲ್ಕೂ ಐವತ್ತೆರಡು. ನಾನು ಯಂತ್ರದ ಮೇಲೆ ಲ್ಯಾಪ್‌ಟಾಪು ಇಟ್ಟು, ಬ್ರೌಸರಿನ ಮೂಲೆಯ ಗುಂಡಿ ಒತ್ತಿದೆ.

ಹೊರಗಿನ ಸದ್ದು ನಿಂತಿತು. ನಿಧಾನವಾಗಿ ಅಲ್ಲ, ಕತ್ತರಿ ಹಾಕಿದಂತೆ. ಕಾಗೆ, ಸೈಕಲ್ಲಿನ ಗಂಟೆ, ದುರ್ಗಮ್ಮನ ಎಣಿಕೆ, ಯಾವುದೂ ಇಲ್ಲ. ಇದ್ದದ್ದು ನಾವಿಬ್ಬರು ಮತ್ತು ಆ ಗಡಿಯಾರದ ಟಿಕ್ ಟಿಕ್. ಬ್ರೌಸರಿನ ಚಿಹ್ನೆಯನ್ನು ಒತ್ತಲು ಬೆರಳು ಚಾಚಿದೆ. ಅಷ್ಟರಲ್ಲಿ ಸ್ಕ್ರೀನು ಒಮ್ಮೆ ಕಣ್ಣು ಮಿಟುಕಿಸಿ ಆರಿಹೋಯಿತು. ಬ್ಯಾಟರಿ ಮುಗಿದಿತ್ತು.

"ಏನಾಯ್ತು?" ಎಂದರು ನಮ್ಮವರು ಕತ್ತಲೆಯಿಂದ.

"ಊರು ಮುಗೀತು" ಎಂದೆ. "ಈಗ ಇರೋದು ನಾವಿಬ್ಬರೇ."

"ಅಯ್ಯೋ, ನಾಳೆಗೆ ಮೇಷ್ಟರ ಪ್ಯಾಂಟು ಕೊಡಬೇಕಿತ್ತು."

ಪಂಚಾಕ್ಷರಯ್ಯನವರ ಕೈತಪ್ಪಿ ನನ್ನ ಹಿಂದೆಯೇ ಒಳಗೆ ಎಳೆದು ಬಂದಿದ್ದ ಚಾರ್ಜರು ತಡವಿದೆ. ಗೋಡೆಗೆ ಸಿಕ್ಕಿಸುವ ಪ್ಲಗ್ಗು ನೆಟ್ಟಗಿತ್ತು. ಲ್ಯಾಪ್‌ಟಾಪಿಗೆ ಸಿಕ್ಕಿಸುವ ಪಿನ್ನು ಮಾತ್ರ ತಂತಿಯಿಂದ ಅರ್ಧ ಕಿತ್ತು ನೇತಾಡುತ್ತಿತ್ತು. ಎರಡು ಎಳೆಗಳಲ್ಲಿ ಒಂದು ಪೂರ್ತಿ ಕಡಿದಿತ್ತು. ಹೊಸೆದು ಕಟ್ಟಲು ಅಲ್ಲಿ ಜಾಗವೇ ಇರುವುದಿಲ್ಲ, ಬೆಸುಗೆಯೇ ಆಗಬೇಕು. ಬೆಸುಗೆಯ ಸರಂಜಾಮೆಲ್ಲ ಎದುರಿನ ನನ್ನ ಅಂಗಡಿಯಲ್ಲಿ. ಆ ಅಂಗಡಿ ಈಗ ಎಲ್ಲಿಯೂ ಇಲ್ಲ.

"ಬೆಸುಗೆ ಹಾಕಬೇಕಿತ್ತು" ಎಂದೆ, ಯಾರಿಗೆಂದಿಲ್ಲದೆ.

ಕತ್ತಲಲ್ಲಿ ಕೆಮ್ಮು. "ನೀನು ಬಯ್ಯಲ್ಲ ಅಂದ್ರೆ ಒಂದು ಮಾತು."

"ಏನು?"

"ನಿನ್ನ ಕಡ್ಡಿ ಇಲ್ಲೇ ಇದೆ. ಬೆಳಗ್ಗೆ ನೀನು ಕಿತ್ಕೊಂಡು ಹೋಗಿದ್ದು ನನ್ನ ಕತ್ತರಿ ಮಸೆಯೋ ಅರ. ಸಿಟ್ಟಲ್ಲಿ ನೋಡಲಿಲ್ಲ ನೀನು. ಕಡ್ಡಿ ಆಗಿಂದ ಬಿಸಿಯಾಗೇ ಇದೆ. ಹನ್ನೆರಡು ರಿಬ್ಬನ್ ಮುಗಿಸ್ದೆ."

ಬಯ್ಯಲಿಲ್ಲ. ಊರೇ ಇಲ್ಲದಾಗ ಆ ಕಡ್ಡಿಗೆ ಕರೆಂಟು ಎಲ್ಲಿಂದ ಬರುತ್ತಿತ್ತೆಂದು ನನ್ನನ್ನು ಕೇಳಬೇಡಿ. ಅಂದು ನಾನೂ ಕೇಳಲಿಲ್ಲ. ಕಡ್ಡಿಯ ಮೂತಿಯಲ್ಲಿ ಸೀಸ ಇನ್ನೂ ಅಷ್ಟಿಷ್ಟು ಇತ್ತು, ಅದರ ಮೇಲೆ ಸುಟ್ಟ ನೈಲಾನು. ಅವರ ಸೀಮೆಸುಣ್ಣದ ಡಬ್ಬಿಯ ಅಂಚಿಗೆ ಉಜ್ಜಿ ಉಜ್ಜಿ ತೆಗೆದೆ. ಆದರೆ ಕೂದಲಿನಷ್ಟು ಎಳೆಯನ್ನು ಕಾಣದ ಪಿನ್ನಿನ ಕಾಣದ ತೂತಿಗೆ ಹಿಡಿಯುವವರು ಯಾರು?

"ಇಲ್ಲಿ ಕೊಡು" ಎಂದರು. ದಾರದ ತುದಿಗೆ ಮಾಡುವಂತೆ ತಂತಿಯ ಎಳೆಯನ್ನು ತುಟಿಗೆ ತಾಗಿಸಿ ಒದ್ದೆ ಮಾಡಿ, ಎರಡು ಬೆರಳಲ್ಲಿ ಹೊಸೆದು ಚೂಪು ಮಾಡಿ, ಒಂದೇ ಸಲಕ್ಕೆ ಪೋಣಿಸಿದರು. ನಲವತ್ತು ವರ್ಷದಿಂದ ಸೂಜಿಯ ಕಣ್ಣನ್ನು ನೋಡದೆಯೇ ದಾರ ಹಾಕಿದ ಕೈ. "ಹೂಂ. ನನ್ನ ಹೆಬ್ಬೆರಳು ಎಲ್ಲಿದೆಯೋ ಅದರ ಪಕ್ಕ ಇಡು."

"ಸುಡುತ್ತೆ."

"ಸುಡಲಿ. ಅಲುಗಾಡಲ್ಲ."

ಇಟ್ಟೆ. ಚರ್ಮ ಸುಟ್ಟ ವಾಸನೆ ಬಂತು. ಅವರು ಅಲುಗಾಡಲಿಲ್ಲ. ಸೀಸ ಕರಗಿ ಕೂತದ್ದು ಕಡ್ಡಿಯ ಮೂಲಕ ಕೈಗೆ ತಿಳಿಯಿತು.

ಇಸ್ತ್ರಿಪೆಟ್ಟಿಗೆಯ ಪ್ಲಗ್ಗನ್ನು ಕಿತ್ತು ಚಾರ್ಜರು ಸಿಕ್ಕಿಸಿದರು. ಲ್ಯಾಪ್‌ಟಾಪಿನ ಬದಿಯಲ್ಲಿ ಸಾಸಿವೆಕಾಳಿನಷ್ಟು ಬಿಳಿಯ ದೀಪ ಹೊತ್ತಿತು. ಅದು ಎಚ್ಚರಗೊಳ್ಳುವಷ್ಟು ಹೊತ್ತು ನಾವು ಹೊಲಿಗೆ ಯಂತ್ರದ ಎರಡು ಬದಿಯಲ್ಲಿ ಮುಖಾಮುಖಿ ನಿಂತಿದ್ದೆವು. ಬ್ರೌಸರಿನ ಚಿಹ್ನೆ ಒತ್ತಿದಾಗ ಅದೊಂದು ಪ್ರಶ್ನೆ ಕೇಳಿತು: ಹಿಂದೆ ತೆರೆದಿದ್ದ ಪುಟವನ್ನು ಮರಳಿ ತೆರೆಯಬೇಕೆ?

ನಮ್ಮವರು ಬಗ್ಗಿ ಓದಿದರು. "ಬೇಡ ಅಂದ್ರೆ?"

"ನಾವಿಬ್ಬರೇ. ಮಿಷನ್ನು, ಕಡ್ಡಿ, ಅರ್ಧ ಬುಟ್ಟಿ ಕನಕಾಂಬರ."

ಅವರು ಯೋಚಿಸುವಂತೆ ಗಡ್ಡ ಕೆರೆದುಕೊಂಡರು. "ಒತ್ತು ಒತ್ತು. ನನಗೂ ನಿನ್ನನ್ನೊಬ್ಬಳನ್ನೇ ನೋಡ್ಕೊಂಡಿರೋಕೆ ಆಗಲ್ಲ."

ಒತ್ತಿದೆ. ಮೊದಲು ಅಂಗಡಿಯ ಬಾಗಿಲು ಬಂತು. ಬಾಗಿಲಲ್ಲಿ ಬೀದಿ ಬಂತು. ಬೀದಿಯಲ್ಲಿ ಬಿಸಿಲು, ಬಿಸಿಲಿನಲ್ಲಿ ಗುಂಪು, ಗುಂಪಿನ ಮುಂದೆ ಒಂದು ಕಾಲೆತ್ತಿ ತಂತಿಯಿದ್ದ ಕಡೆ ನೋಡುತ್ತಿರುವ ಪಂಚಾಕ್ಷರಯ್ಯನವರು. "...ಮೊಳ" ಎಂದಳು ದುರ್ಗಮ್ಮ, ಎಣಿಕೆ ಮುಗಿಸಿ, ಆಮೇಲೆ ತನ್ನ ಬುಟ್ಟಿ ಪೂರ್ತಿಯಾಗಿರುವುದನ್ನು ಕಂಡು ಬಾಯಿಗೆ ಸೆರಗಿಟ್ಟುಕೊಂಡಳು. ಸ್ಕ್ರೀನಿನಲ್ಲಿ ಕಪ್ಪು ಎಲ್ಲಿಯೂ ಇರಲಿಲ್ಲ. ಹಗೇವು ಬೀದಿಯ ದರ್ಜಿ ಅಂಗಡಿಯಲ್ಲಿ ಗಡ್ಡದವರೊಬ್ಬರು ಹೆಬ್ಬೆರಳು ಚೀಪುತ್ತ ನಿಂತಿದ್ದರು.

ಪಂಚಾಕ್ಷರಯ್ಯನವರು ಕೈಗಡಿಯಾರ ನೋಡಿಕೊಂಡರು. "ನಾಲ್ಕೂ ಐವತ್ತೆರಡು. ಒಳಗೆ ಹೋಗಿ ಅರ್ಧ ನಿಮಿಷವೂ ಆಗಲಿಲ್ಲ, ಇಷ್ಟು ಬೇಗ ಆಯ್ತಾ?"

ನಮ್ಮ ಗೋಡೆ ಗಡಿಯಾರದಲ್ಲಿ ಐದೂ ಮೂರು. ನಡುವಿನ ಹನ್ನೊಂದು ನಿಮಿಷ ಊರಿನಲ್ಲಿ ಯಾರಿಗೂ ಆಗಿರಲಿಲ್ಲ. ಬ್ರೌಸರು ಮುಚ್ಚಿತ್ತೆಂದು ನಾನು ಹೇಳಿದ್ದನ್ನು ಅವರು ನಂಬಲಿಲ್ಲ. ಮುಚ್ಚಿದ್ದರೆ ತಮಗೆ ಗೊತ್ತಾಗುತ್ತಿತ್ತೆಂದರು. ಕಡತದಲ್ಲಿ ‘ದೋಷ ತಾನಾಗಿ ನಿವಾರಣೆಯಾಯಿತು’ ಎಂದು ಬರೆದು, ಐದಕ್ಕೆ ಸರಿಯಾಗಿ ಮುಚ್ಚಳ ಇಳಿಸಿದರು. ಚಿಕ್ಕ ಕಾರ್ಡಿನ ವಾರದ ರಜೆ ರದ್ದಾಯಿತು. ಬದಲಿಗೆ ಹೊಸವರ್ಷದಿಂದ ಅದಕ್ಕೆ ದೊಡ್ಡ ಕಾರ್ಡಿಗಿಂತ ಮೇಲಿನ ಸಾಲಿನಲ್ಲಿ ಹಾಜರಿ ಹಾಕುತ್ತಿದ್ದಾರೆ.

ನಮ್ಮ ಅಂಗಡಿಯ ಗಡಿಯಾರ ಇವತ್ತಿಗೂ ಊರಿಗಿಂತ ಹನ್ನೊಂದು ನಿಮಿಷ ಮುಂದಿದೆ. ತಿರುಗಿಸಿ ಸರಿಮಾಡಲು ನಮ್ಮವರು ಒಪ್ಪುವುದಿಲ್ಲ, ನಾನೂ ಒತ್ತಾಯಿಸುವುದಿಲ್ಲ. ಅವರ ಹೆಬ್ಬೆರಳಿನ ಸುಟ್ಟ ಕಲೆ ಹಾಗೇ ಉಳಿದಿದೆ. ಸಾಲ್ಡರಿಂಗ್ ಕಡ್ಡಿ ಈಗಲೂ ತಿಂಗಳಿಗೆ ನಾಲ್ಕು ಸಲ ಕಾಣೆಯಾಗುತ್ತದೆ, ಮೂತಿಗೆ ನೈಲಾನು ಮೆತ್ತಿಕೊಂಡು ಹಿಂದಿರುಗುತ್ತದೆ. ನಾನು ಬೀದಿಗೆ ಕೇಳುವಂತೆ ಬಯ್ಯುತ್ತೇನೆ. ಆಗೆಲ್ಲ ದುರ್ಗಮ್ಮ ಬುಟ್ಟಿಯನ್ನು ಒಂದು ಗೇಣು ಆಚೆ ಎಳೆದುಕೊಳ್ಳುತ್ತಾಳೆ. ಕಣ್ಣೆದುರಿಂದ ಹೋಗಿ ಎಂಬ ಮಾತನ್ನು ಮಾತ್ರ ಐದಕ್ಕೆ ಮುಚ್ಚಳ ಇಳಿಯುವವರೆಗೆ ತಡೆದಿಟ್ಟುಕೊಳ್ಳುತ್ತೇನೆ. ಐದು ಎಂದರೆ ನಮ್ಮ ಗಡಿಯಾರದ ಐದಲ್ಲ, ಊರಿನ ಐದು.